ಐದು ತಾಸು, ಮೇಲೆ ಅರ್ಧ ತಾಸು

ಲಂಡನ್ನಿನಲ್ಲಿ ಈಗ ಎಷ್ಟು ಹೊತ್ತಾಗಿರಬಹುದು ಎಂದು ತಿಳಿಯಲು ಮುಳ್ಳಿನ ಕೈಗಡಿಯಾರವೊಂದಿದ್ದರೆ ಸಾಕು. ಅದನ್ನು ಬಿಚ್ಚಿ ತಲೆಕೆಳಗಾಗಿ ಹಿಡಿಯಬೇಕು. ನಮ್ಮ ಬೈಲಹೊಂಗಲದಲ್ಲಿ ಮಧ್ಯಾಹ್ನ ಮೂರು ಹೊಡೆದಿದ್ದರೆ, ತಲೆಕೆಳಗಾದ ಮುಳ್ಳುಗಳು ಒಂಬತ್ತೂವರೆ ತೋರಿಸುತ್ತವೆ. ಅಂಕಿಗಳನ್ನು ಮರೆತು ಮುಳ್ಳುಗಳು ನಿಂತ ಜಾಗವನ್ನಷ್ಟೇ ನೋಡಬೇಕು. ಇತಿಹಾಸ ಕಲಿಸುವ ಮಾಸ್ತರನಾಗಿದ್ದ ಕಾಲದಲ್ಲಿ ನಾನು ಇದನ್ನು ತರಗತಿಯಲ್ಲಿ ತೋರಿಸಿದರೆ, ಅಂದು ಕಂಪನಿ ಸರಕಾರದ ಪಾಠ ಸುಲಭವಾಗಿ ಸಾಗುತ್ತಿತ್ತು. ಆದರೆ ಈ ಯುಕ್ತಿ ನಡೆಯುವುದು ಚಳಿಗಾಲದ ಐದು ತಿಂಗಳು ಮಾತ್ರ. ಉಳಿದ ಏಳು ತಿಂಗಳು ಲಂಡನ್ನಿನವರು ತಮ್ಮ ಗಡಿಯಾರವನ್ನೇ ಒಂದು ತಾಸು ಮುಂದೆ ತಳ್ಳಿರುತ್ತಾರೆ. ಆ ಮಾತು ಮುಂದೆ ಬರುತ್ತದೆ.

ಹುಡುಗರು ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಒಂದೇ: “ಸರ, ಐದು ತಾಸು ಸರಿ, ಈ ಅರ್ಧಾ ತಾಸು ಯಾಕ್ರೀ?”

ಪ್ರಶ್ನೆ ಸಣ್ಣದಲ್ಲ. ಭೂಮಿ ಒಂದು ರೇಖಾಂಶ ತಿರುಗಲು ನಾಲ್ಕು ನಿಮಿಷ ಬೇಕು. ಲಂಡನ್ನಿನ ಗ್ರೀನಿಚ್‌ನಿಂದ ಪೂರ್ವಕ್ಕೆ ಎಣಿಸುತ್ತ ಬಂದರೆ ೭೫ನೆಯ ರೇಖಾಂಶಕ್ಕೆ ಸರಿಯಾಗಿ ಐದು ತಾಸು ಆಗುತ್ತದೆ. ಆ ೭೫ನೆಯ ಗೆರೆ ಹಾದುಹೋಗುವುದು ನಮ್ಮ ಹೊಲಗಳ ಮೇಲೆ! ಧಾರವಾಡ ಹೆಚ್ಚುಕಡಿಮೆ ಅದರ ಮೇಲೆಯೇ ಕುಳಿತಿದೆ. ಅಲ್ಲಿಂದ ಉತ್ತರಕ್ಕೆ ಎಳೆದರೆ ಕಿತ್ತೂರು, ಬೈಲಹೊಂಗಲ ಅದರ ಪಡುವಣಕ್ಕೆ, ಸವದತ್ತಿ, ರಾಮದುರ್ಗ ಮೂಡಣಕ್ಕೆ ಉಳಿಯುತ್ತವೆ. ಸೂರ್ಯನನ್ನು ಕೇಳಿದರೆ ನಾವು ಲಂಡನ್ನಿಗಿಂತ ಐದೇ ತಾಸು ಮುಂದೆ. ಅರ್ಧ ತಾಸು ನಮ್ಮದಲ್ಲ, ಅದು ಉತ್ತರ ಪ್ರದೇಶದ ಮಿರ್ಜಾಪುರದ ಕಡೆಯದು. ದೇಶಕ್ಕೆಲ್ಲ ಒಂದೇ ಗಡಿಯಾರ ಬೇಕಾದಾಗ ಆ ಬದಿಯ ೮೨ವರೆ ರೇಖಾಂಶವನ್ನು ಹಿಡಿದರು. ಆದ್ದರಿಂದ ನಮ್ಮೂರಲ್ಲಿ ಹೊತ್ತು ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಚೀಚೆ. ನವೆಂಬರಿನಲ್ಲಿ ಕಾಲು ತಾಸು ಮೊದಲು, ಫೆಬ್ರವರಿಯಲ್ಲಿ ಕಾಲು ತಾಸು ತಡ. ನಮ್ಮ ಕಡೆಯ ಲಗ್ನಪತ್ರಿಕೆಗಳಲ್ಲಿ ಅಕ್ಷತೆಯ ಹೊತ್ತು ಹನ್ನೆರಡೂವರೆಯ ಸುತ್ತಲೇ ಸುಳಿಯುವುದನ್ನು ನೀವು ಕಂಡಿರಬಹುದು. ನಟ್ಟನಡು ಹಗಲಿನ ಅಭಿಜಿತ್ ಮುಹೂರ್ತ ಹಿಡಿಯುವವರು ಇಂದಿಗೂ ಊರ ಸೂರ್ಯನನ್ನೇ ಕೇಳುತ್ತಾರೆ. ಹಳೆಯ ಲೆಕ್ಕದಲ್ಲಿ ಘಳಿಗೆಯೆಂದರೆ ೨೪ ನಿಮಿಷ, ಲಂಡನ್ನು ಸೂರ್ಯನ ಪ್ರಕಾರ ನಮಗಿಂತ ಹನ್ನೆರಡೂವರೆ ಘಳಿಗೆ ಹಿಂದೆ.

ಲೆಕ್ಕದಲ್ಲಿ ಹನ್ನೆರಡೂವರೆ ಘಳಿಗೆ, ನಿಜದಲ್ಲಿ ಅದೆಷ್ಟೋ ತಿಂಗಳು. ೧೮೨೪ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ ತೀರಿಕೊಂಡ. ಸಾಯುವ ಮುನ್ನ ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಒಪ್ಪಲಿಲ್ಲ. ಭಂಡಾರಕ್ಕೆ ಮೊಹರು ಬಿತ್ತು, ಕಾವಲು ಕೂತಿತು. ಅಕ್ಟೋಬರ್ ೨೩ರಂದು ಕೋಟೆಯ ಬಾಗಿಲಲ್ಲಿ ಥ್ಯಾಕರೆ ಹತನಾದ. ಡಿಸೆಂಬರಿನ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ಸೈನ್ಯ ಕೋಟೆ ಹಿಡಿದು ರಾಣಿ ಚೆನ್ನಮ್ಮನನ್ನು ಸೆರೆಹಾಕಿತು. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಎಲ್ಲವೂ ಮೂರು ತಿಂಗಳೊಳಗೆ ಮುಗಿಯಿತು.

ಆಗಿನ ಹಾಯಿ ಹಡಗು ಆಫ್ರಿಕದ ತುದಿ ಸುತ್ತಿ ಲಂಡನ್ ಮುಟ್ಟಲು ನಾಲ್ಕೈದು ತಿಂಗಳು ಹಿಡಿಯುತ್ತಿತ್ತು. ಎಂದರೆ ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿದ್ದ ಕಂಪನಿಯ ಕಚೇರಿಗೆ ಕಿತ್ತೂರಿನ ಗಲಾಟೆಯ ಸುದ್ದಿ ಹೋಗುವಷ್ಟರಲ್ಲಿ ಕಿತ್ತೂರು ಸಂಸ್ಥಾನವೇ ಇರಲಿಲ್ಲ. ಅವರ ಉತ್ತರ ಇಲ್ಲಿಗೆ ಬರಲು ಮತ್ತೆ ಅಷ್ಟೇ ದಿನ. ದೊರೆ ಅಷ್ಟು ದೂರದಲ್ಲಿದ್ದಾಗ ಊರ ಬಾಗಿಲಲ್ಲಿ ನಿಂತ ಅಧಿಕಾರಿಯೇ ದೊರೆ. ಥ್ಯಾಕರೆಯ ಆತುರದ ಬಗ್ಗೆ ನಮ್ಮ ಪುಸ್ತಕಗಳಲ್ಲಿ ಸಾಕಷ್ಟು ಬರೆದಿದ್ದಾರೆ; ಆ ಆತುರಕ್ಕೆ ಅಂಕೆ ಹಾಕುವ ಕೈ ವರ್ಷೊಪ್ಪತ್ತಿನ ಪಯಣದಾಚೆ ಇತ್ತು ಎಂಬುದನ್ನೂ ಅದರ ಪಕ್ಕದಲ್ಲಿ ಇಟ್ಟು ನೋಡಬೇಕು ಎಂದು ನನ್ನ ಅನಿಸಿಕೆ. ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್ ನಡುವೆ ಇದ್ದ, ನಿಜ. ಆದರೆ ಧಾರವಾಡದಿಂದ ಮುಂಬಯಿಗೆ ಟಪಾಲಿನವನು ಓಡಬೇಕಾಗಿದ್ದ ದಾರಿಯೂ ಕಡಿಮೆಯದಲ್ಲ. ಚೆನ್ನಮ್ಮ ನಮ್ಮ ಬೈಲಹೊಂಗಲದ ಸೆರೆಯಲ್ಲಿಯೇ ೧೮೨೯ರ ಫೆಬ್ರವರಿಯಲ್ಲಿ ತೀರಿಕೊಂಡಳು. ಅವಳ ಸಮಾಧಿಯ ಮುಂದೆ ಹಾಯ್ದು ನಾನು ಎಷ್ಟೋ ವರ್ಷ ಶಾಲೆಗೆ ಹೋಗಿದ್ದೇನೆ.

ಲೆಡನ್‌ಹಾಲ್ ಬೀದಿಯ ಅದೇ ಕಚೇರಿಯಲ್ಲಿ ಆಗ ಒಬ್ಬ ಗುಮಾಸ್ತ ಲೆಕ್ಕ ಬರೆಯುತ್ತಿದ್ದ. ಹೆಸರು ಚಾರ್ಲ್ಸ್ ಲ್ಯಾಂಬ್. ಪ್ರಬಂಧ ಓದುವವರಿಗೆ ಅವನ ಪರಿಚಯ ಹೇಳಬೇಕಿಲ್ಲ. ಕಚೇರಿಗೆ ಬಹಳ ತಡವಾಗಿ ಬರುತ್ತೀಯಲ್ಲ ಎಂದು ಮೇಲಿನವರು ಗದರಿದಾಗ, ಅದನ್ನು ತುಂಬಿಕೊಡಲೆಂದೇ ಬೇಗ ಮನೆಗೆ ಹೋಗುತ್ತೇನಲ್ಲ ಎಂದನಂತೆ. ಅವನು ೩೩ ವರ್ಷದ ಚಾಕರಿ ಮುಗಿಸಿ ೧೮೨೫ರ ಮಾರ್ಚಿನಲ್ಲಿ ನಿವೃತ್ತನಾದ. ಕಿತ್ತೂರಿನ ಕಾಗದಗಳು ಅಲ್ಲಿಗೆ ತಲುಪಿದ್ದೂ ಸುಮಾರು ಆ ಹೊತ್ತಿಗೇ ಇರಬೇಕು. ಅಲ್ಲಿಯ ಕಚೇರಿಯ ವೇಳೆಯನ್ನು ಕುರಿತು ನಗುವ ಸವಡು ಲಂಡನ್ನಿನವನಿಗಿತ್ತು.

ಮುಂದಿನ ಪೀಳಿಗೆಗೆ ಲಂಡನ್ನಿಗಿಂತ ಲಿವರ್‌ಪೂಲ್ ಹತ್ತಿರವಾಯಿತು. ಅದು ಹತ್ತಿಯ ಕಾರಣಕ್ಕೆ. ೧೮೬೧ರಲ್ಲಿ ಅಮೇರಿಕದಲ್ಲಿ ಒಳಯುದ್ಧ ಹೊತ್ತಿಕೊಂಡು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಸವದತ್ತಿ, ಬೈಲಹೊಂಗಲದ ಎರೆಭೂಮಿಯ ಹತ್ತಿಗೆ ಕಂಡುಕೇಳರಿಯದ ಬೆಲೆ ಬಂತು. ಅಂಡಿಗೆ ತುಂಬಿದ ಬಂಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಸಾಲುಗಟ್ಟಿದವು. ನಮ್ಮ ಜವಾರಿ ಹತ್ತಿಗೆ ಆ ಬಂದರಿನ ಹೆಸರೇ ಬಿದ್ದು ಪರದೇಶದ ಪೇಟೆಯಲ್ಲಿ ಅದು ‘ಕುಂಪ್ಟಾ’ ಆಯಿತು.

ಇಲ್ಲಿ ಹತ್ತಿ ಬಿತ್ತುವುದು ಶ್ರಾವಣ ಭಾದ್ರಪದದಲ್ಲಿ, ಬಿಡಿಸುವುದು ಶಿವರಾತ್ರಿಯ ಆಜೂಬಾಜು. ೧೮೬೪ರಲ್ಲಿ ಏರಿದ ಬೆಲೆ ನೋಡಿ ಬಿತ್ತಿದ ರೈತ ೧೮೬೫ರ ಬೇಸಿಗೆಯಲ್ಲಿ ಬಂಡಿ ಹೂಡುವಾಗ ಅಮೇರಿಕದ ಯುದ್ಧ ಮುಗಿಯುತ್ತಿತ್ತು. ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ. ಹತ್ತಿಯ ದರ ಕುಸಿಯಿತು, ಜುಲೈ ೧ರ ವಾಯಿದೆಯ ದಿನ ಮುಂಬಯಿಯ ದೊಡ್ಡ ದೊಡ್ಡ ಸಾಹುಕಾರರೇ ಮುಳುಗಿದರು. ಆ ವರ್ಷವೇ ಇರಾನಿನ ಕೊಲ್ಲಿಯ ಮೂಲಕ ಯುರೋಪಿಗೆ ತಂತಿ ಜೋಡಿಸಿತ್ತು. ತಂತಿ ಮುಂಬಯಿಯವರೆಗೆ ಓಡಿತು. ನಮ್ಮ ಬಂಡಿ ಎತ್ತಿನ ಕಾಲ ಮೇಲೆಯೇ ನಡೆಯಿತು. ದರ ಗೊತ್ತಿದ್ದವನಿಗೂ ಗೊತ್ತಿಲ್ಲದವನಿಗೂ ನಡುವೆ ಬಿದ್ದ ಆ ಕೆಲವು ದಿನಗಳ ಅಂತರದಲ್ಲಿ ಯಾರು ಗಳಿಸಿದರು, ಯಾರು ಹೊಲ ಅಡವಿಟ್ಟರು ಎಂಬುದನ್ನು ಊಹಿಸುವುದು ಕಷ್ಟವಲ್ಲ. ೧೮೭೦ರಲ್ಲಿ ಮುಂಬಯಿಯಿಂದ ಇಂಗ್ಲೆಂಡಿಗೆ ಸಮುದ್ರದೊಳಗಿನ ತಂತಿಯೂ ಬಂತು. ತಿಂಗಳುಗಳ ದೂರ ತಾಸುಗಳಿಗೆ ಇಳಿಯಿತು.

ಸುದ್ದಿ ತಾಸುಗಳಲ್ಲಿ ಬರತೊಡಗಿದಾಗಲೇ ಗಡಿಯಾರದ ತಗಾದೆ ಶುರುವಾದದ್ದು. ಅದಕ್ಕೆ ಮೊದಲು ಊರೂರಿಗೆ ಅದರದೇ ಹೊತ್ತು. ಇಂಗ್ಲೆಂಡಿನಲ್ಲೂ ಹಾಗೆಯೇ ಇತ್ತು; ಲಿವರ್‌ಪೂಲಿನ ಸೂರ್ಯ ಲಂಡನ್ನಿಗಿಂತ ೧೨ ನಿಮಿಷ ತಡ. ರೈಲು ಬಂದು ಅವರನ್ನು ಒಂದಾಗಿಸಿತು, ೧೮೮೦ರಲ್ಲಿ ಗ್ರೀನಿಚ್ ಕಾಲವೇ ಕಾಯಿದೆಯಾಯಿತು. ೧೮೮೪ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಸಭೆ ಲೋಕಕ್ಕೆಲ್ಲ ಗ್ರೀನಿಚ್ಚೇ ಮೊದಲ ಗೆರೆ ಎಂದಿತು. ನಮ್ಮಲ್ಲಿ ರೈಲು ಧಾರವಾಡ, ಲೋಂಡಾ, ಬೆಳಗಾವಿಯ ಮೇಲೆ ಹಾದು ಈ ನಾಲ್ಕೂ ಊರುಗಳನ್ನು ಬದಿಗಿಟ್ಟು ಹೋಯಿತು. (ಲೋಂಡಾಕ್ಕೆ ಟಿಕೀಟು ತೆಗೆಸಿ ಲಂಡನ್ನಿಗೆ ಹೊಂಟೇನಿ ಅನ್ನುವ ಚೇಷ್ಟೆ ನಮ್ಮ ಕಡೆ ಹಳೆಯದು.) ಆ ರೈಲಿನ ಗಡಿಯಾರ ಮದ್ರಾಸಿನದು, ಗ್ರೀನಿಚ್ಚಿಗಿಂತ ೫ ತಾಸು ೨೧ ನಿಮಿಷ ಮುಂದೆ. ನಮ್ಮನ್ನಾಳುತ್ತಿದ್ದ ಮುಂಬಯಿಯ ಹೊತ್ತು ೪ ತಾಸು ೫೧ ನಿಮಿಷ. ನೆತ್ತಿಯ ಮೇಲಿನ ಸೂರ್ಯನದು ಐದು. ರೈಲು ಹಿಡಿಯಲು ಬಂಡಿಯಲ್ಲಿ ಧಾರವಾಡಕ್ಕೆ ಹೋಗುವವನು ಇವುಗಳಲ್ಲಿ ಯಾವುದನ್ನು ನಂಬಬೇಕು? ಇಪ್ಪತ್ತೊಂದು ನಿಮಿಷ ಸಣ್ಣದೆಂದು ಹೇಳುವವರು ರೈಲು ತಪ್ಪಿಸಿಕೊಂಡವರಲ್ಲ.

೧೯೦೬ರಲ್ಲಿ ಐದೂವರೆಯ ಲೆಕ್ಕ ಬಂದಾಗ ಮುಂಬಯಿ ನಗರ ಜಗ್ಗಲಿಲ್ಲ. ಗಿರಣಿಯ ಕೂಲಿಗಳು ಹೊಸ ಹೊತ್ತಿನ ವಿರುದ್ಧ ಎದ್ದರು, ನಗರಸಭೆ ತನ್ನ ೩೯ ನಿಮಿಷದ ಹಟವನ್ನು ೧೯೫೫ರವರೆಗೆ ಸಾಧಿಸಿತು. ನಾವು ಅಷ್ಟು ಹಟಮಾರಿಗಳಲ್ಲ, ಅಥವಾ ನಮ್ಮನ್ನು ಯಾರೂ ಕೇಳಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, ೧೯೪೨ರ ಸೆಪ್ಟೆಂಬರಿನಿಂದ ೧೯೪೫ರ ಅಕ್ಟೋಬರಿನವರೆಗೆ, ಸರಕಾರ ಮತ್ತೊಂದು ತಾಸು ಮುಂದೂಡಿತು. ಆಗ ನಡು ಹಗಲು ಒಂದೂವರೆಗೆ. “ಹಳೇ ಟೈಮೋ ಹೊಸಾ ಟೈಮೋ” ಎಂದು ಕೇಳದೆ ಯಾರೂ ಯಾರಿಗೂ ಹೊತ್ತು ಹೇಳುತ್ತಿರಲಿಲ್ಲವೆಂದು ನಮ್ಮ ತಂದೆ ನೆನೆಯುತ್ತಿದ್ದರು.

ಇನ್ನು ಲಂಡನ್ನಿನ ಬೇಸಿಗೆ ಕಾಲದ ಮಾತು. ನಮ್ಮಲ್ಲಿ ದೊಡ್ಡ ಹಗಲಿಗೂ ಸಣ್ಣ ಹಗಲಿಗೂ ಎರಡು ತಾಸಿನ ಅಂತರವೂ ಇಲ್ಲ. ಲಂಡನ್ನಿನಲ್ಲಿ ಡಿಸೆಂಬರಿನ ಹೊತ್ತು ನಾಲ್ಕರೊಳಗೆ ಮುಳುಗುತ್ತದೆ, ಜೂನಿನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ವಿಲಿಯಂ ವಿಲೆಟ್ ಎಂಬ ಮನೆ ಕಟ್ಟುವ ಗುತ್ತಿಗೆದಾರ, ಬೇಸಿಗೆಯ ಮುಂಜಾವಿನ ಬೆಳಕನ್ನು ಜನ ಮಲಗಿ ಕಳೆಯುತ್ತಾರಲ್ಲ ಎಂದು ಮರುಗಿ ೧೯೦೭ರಲ್ಲಿ ಒಂದು ಕಿರುಪುಸ್ತಕ ಅಚ್ಚು ಹಾಕಿಸಿದ. ಅವನು ೧೯೧೫ರಲ್ಲಿ ಸತ್ತ. ಯುದ್ಧಕಾಲದ ಕಲ್ಲಿದ್ದಲು ಉಳಿಸಲು ಮರುವರ್ಷವೇ ಅವನ ಮಾತು ಕಾಯಿದೆಯಾಯಿತು. ಈಗ ಮಾರ್ಚಿನ ಕೊನೆಯ ರವಿವಾರ ಗಡಿಯಾರ ಮುಂದೆ, ಅಕ್ಟೋಬರಿನ ಕೊನೆಯ ರವಿವಾರ ಹಿಂದೆ. ಎರಡೂ ಸಲ ಆ ಬದಲಾವಣೆ ಆಗುವ ಗಳಿಗೆ ನಮ್ಮಲ್ಲಿ ಮುಂಜಾನೆ ಆರೂವರೆ. ಬೇಸಿಗೆಯಲ್ಲಿ ಅಂತರ ನಾಲ್ಕೂವರೆ ತಾಸು, ಚಳಿಗಾಲದಲ್ಲಿ ಐದೂವರೆ.

ಇಷ್ಟೆಲ್ಲ ಒಣ ಲೆಕ್ಕ ಯಾಕೆ ಬೇಕೆಂದರೆ, ಕೆಲ ವರ್ಷಗಳ ಹಿಂದೆ ಏಪ್ರಿಲ್ ಕೊನೆಯಲ್ಲಿ ರಾಮದುರ್ಗದ ಕಡೆಯ ರೈತರೊಬ್ಬರು ನನ್ನ ಹಳೆಯ ವಿದ್ಯಾರ್ಥಿಯಾದ ಮಗನನ್ನು ಕರೆದುಕೊಂಡು ಬಂದರು. ಹುಡುಗನಿಗೆ ಲಂಡನ್ನಿನಲ್ಲಿ ಓದಲು ಸೀಟು ಸಿಕ್ಕಿತ್ತು. ಮುಂಗಡದ ಹಣ ಶುಕ್ರವಾರ ಲಂಡನ್ನಿನ ಸಂಜೆ ಐದರೊಳಗೆ ಮುಟ್ಟಬೇಕು, ಇಲ್ಲದಿದ್ದರೆ ಸೀಟು ಮತ್ತೊಬ್ಬರಿಗೆ. ಹಣಕ್ಕಾಗಿ ಎರಡು ಎಕರೆ ಮಾರಿದ್ದರು.

“ಅಲ್ಲಿ ಸಂಜಿ ಐದಂದ್ರ ನಮಗ ರಾತ್ರಿ ಒಂಬತ್ತೂವರಿ ಅಲ್ರೀ ಮಾಸ್ತರ? ಶುಕ್ರವಾರ ಮಧ್ಯಾಹ್ನ ಬ್ಯಾಂಕಿಗೆ ಹೋದ್ರ ನಡೀತೈತೇನ್ರಿ?” ಎಂದರು.

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಹಣ ಗಡಿಯಾರದ ಮೇಲೆ ನಡೆಯುವುದಿಲ್ಲ, ಬ್ಯಾಂಕಿನ ಬಾಗಿಲುಗಳ ಮೇಲೆ ನಡೆಯುತ್ತದೆ. ಇಲ್ಲಿಯ ಶಾಖೆಯಿಂದ ಪರದೇಶದ ಹಣ ಕಳಿಸುವ ದೊಡ್ಡ ಶಾಖೆಗೆ ಕಾಗದ ಹೋಗಬೇಕು. ಶುಕ್ರವಾರ ಮಧ್ಯಾಹ್ನ ಕೊಟ್ಟದ್ದು ಅಲ್ಲಿ ಅಂದೇ ಮುಂದೆ ಸಾಗುವ ಭರವಸೆಯಿಲ್ಲ. ಶನಿವಾರ, ರವಿವಾರ ಲಂಡನ್ನಿನ ಬ್ಯಾಂಕುಗಳು ಈ ಕೆಲಸ ಮಾಡುವುದಿಲ್ಲ. ಮರುದಿನದ ಸೋಮವಾರ ಮೇ ತಿಂಗಳ ಮೊದಲ ಸೋಮವಾರ, ಅಲ್ಲಿ ಬ್ಯಾಂಕ್ ರಜೆ. ೧೮೭೧ರ ಕಾಯಿದೆಯಿಂದ ಅವರಿಗೆ ಇಂಥ ಸೋಮವಾರಗಳ ರೂಢಿ ಬಿದ್ದಿದೆ. ಶುಕ್ರವಾರ ಜಾರಿದರೆ ಮಂಗಳವಾರವೇ ಗತಿ.

ನಾನು ಇದನ್ನು ಹೇಳುತ್ತಿದ್ದಂತೆ ಆ ರೈತರ ಮುಖ ಬಿಗಿಯುತ್ತ ಹೋಯಿತು. ಕೊನೆಗೆ ಸೋಮವಾರದ ಮಾತಿಗೆ ಮಾತ್ರ ತಲೆದೂಗಿದರು. “ಸೋಮಾರ ನಾವೂ ಎತ್ತು ಹೂಡೂದಿಲ್ಲಲ್ರಿ, ಬಸವಣ್ಣನ ವಾರ. ಅವರದೂ ಹಂಗ ಇರಬೇಕು” ಎಂದರು. ತಂದೆ ಮಗ ಮರುದಿನ ಮಂಗಳವಾರವೇ ಬ್ಯಾಂಕಿನ ಬಾಗಿಲು ತೆರೆಯುವಾಗ ಅಲ್ಲಿದ್ದರು. ಗುರುವಾರ ರಾತ್ರಿ ಹಣ ಮುಟ್ಟಿದ ಸಂದೇಶ ಬಂತು. ಹುಡುಗ ಈಗ ಅಲ್ಲಿಯೇ ನೌಕರಿಯಲ್ಲಿದ್ದಾನೆ. ಮಾರಿದ ಹೊಲವನ್ನು ಇನ್ನೂ ಕೊಳ್ಳಲಾಗಿಲ್ಲ.

ಅಡತಿ ಅಂಗಡಿಗಳವರು ಈಗ ಫೋನಿನಲ್ಲಿ ಪರದೇಶದ ಹತ್ತಿ ದರ ನೋಡುತ್ತಾರೆ. ಚಿನಿವಾರರಿಗೆ ಲಂಡನ್ನಿನ ಎರಡು ಹೊತ್ತು ಬಾಯಿಪಾಠ: ಮುಂಜಾನೆ ಹತ್ತೂವರೆ, ಮಧ್ಯಾಹ್ನ ಮೂರು. ೧೯೧೯ರಿಂದ ಒಂದು, ೧೯೬೮ರಿಂದ ಎರಡು ಸಲ ಅಲ್ಲಿ ಬಂಗಾರದ ದರ ಕಟ್ಟುತ್ತ ಬಂದಿದ್ದಾರೆ. ಚಳಿಗಾಲದಲ್ಲಿ ಅದು ನಮಗೆ ಸಂಜೆ ನಾಲ್ಕು ಮತ್ತು ರಾತ್ರಿ ಎಂಟೂವರೆ. ಮಗಳ ಮದುವೆಗೆ ಬೋರಮಾಳ ಮಾಡಿಸುವವರು ಮುಂಜಾನೆಯೇ ಬಂದರೆ ಸಿಗುವುದು ನಿನ್ನಿನ ಲಂಡನ್ನಿನ ನೆರಳು.

ನಮ್ಮ ಓಣಿಯ ಹುಡುಗಿಯೊಬ್ಬಳು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಲಂಡನ್ನಿನ ಕಚೇರಿಯ ಕೆಲಸ ಮಾಡುತ್ತಾಳೆ. ಅವರ ಒಂಬತ್ತು ಎಂದರೆ ಬೇಸಿಗೆಯಲ್ಲಿ ಇವಳ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. ಏಳುವಾಗ ರಾತ್ರಿ ಹತ್ತೋ ಹನ್ನೊಂದೋ. ಹೋದ ಅಕ್ಟೋಬರಿನ ಕೊನೆಯ ರವಿವಾರ ಅವಳ ತಾಯಿ ಕಟ್ಟೆಗೆ ಬಂದು ಕೂತರು.

“ನಾಳಿಂದ ಮತ್ತ ಒಂದ ತಾಸು ತಡಾ ಅಂತ್ರಿ. ಬಿಸಿ ರೊಟ್ಟಿ ಬಡಿಯೂದು ಮತ್ತ ಒಂದ ತಾಸು ಮುಂದ. ಯಾರ್ರೀ ಇದನ್ನ ಹಚ್ಚಿದಾಂವ?”

ನಾನು ವಿಲೆಟ್‌ನ ಕಥೆ ಹೇಳಿದೆ. ಅವರು ಪೂರ್ತಿ ಕೇಳಿ, “ಮನಿ ಕಟ್ಟಾಂವಗ ಮಂದೀ ಒಲಿ ಉಸಾಬರಿ ಯಾಕ ಬೇಕಾಗಿತ್ತ್ರೀ?” ಎಂದು ಎದ್ದುಹೋದರು.