ಅಟ್ಟದ ಮೇಲಿನ ಹಳೇ ಆರ್‌ಸಿ ಬಗ್ಗಿ: ಗುರುತಿಸುವುದು ಹೇಗೆ, ಅಪ್‌ಗ್ರೇಡ್ ಮಾಡುವುದು ಹೇಗೆ?

ಕಾಸರಗೋಡಿನಿಂದ ಉಡುಪಿವರೆಗೆ ಗಲ್ಫ್ ನಂಟಿರುವ ಮನೆಗಳ ಅಟ್ಟ ಹತ್ತಿದರೆ ಹಳೇ ಸೂಟ್‌ಕೇಸ್, ಟೇಪ್‌ರೆಕಾರ್ಡರ್‌ಗಳ ನಡುವೆ ಒಮ್ಮೊಮ್ಮೆ ಒಂದು ರಿಮೋಟ್ ಕಾರು ಕೂಡ ಸಿಗುವುದುಂಟು. ದಪ್ಪ ಮುಳ್ಳು ಟಯರು, ಹೊರಗೆ ಕಾಣುವ ಸ್ಪ್ರಿಂಗು, ಉದ್ದ ಆಂಟೆನಾ. "ಉಪ್ಪ ಗಲ್ಫಿಂದ ತಂದದ್ದು" ಎಂಬ ಮಾತು ಬಿಟ್ಟರೆ ಅದರ ಬಗ್ಗೆ ಮನೆಯಲ್ಲಿ ಯಾರಿಗೂ ಹೆಚ್ಚೇನೂ ಗೊತ್ತಿರುವುದಿಲ್ಲ. ಹಾಗಾಗಿ ಅದು ಗುಜರಿಗೆ ಹೋಗುತ್ತದೆ. ಇಲ್ಲವೇ ಮನೆಯ ಹುಡುಗರು ಹೊಸ ಬ್ಯಾಟರಿ, ಜೋರು ಮೋಟಾರು ಹಾಕಿ ಮೊದಲ ದಿನವೇ ಗೇರು ಮುರಿದುಬಿಡುತ್ತಾರೆ.

ಎರಡೂ ನಷ್ಟವೇ. 1980ರ ದಶಕದ ಕೆಲವು ಆರ್‌ಸಿ ಬಗ್ಗಿಗಳನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಿದ್ದಾರೆ. ಅವನ್ನು ಓಡುವ ಸ್ಥಿತಿಗೆ ತರುವುದೂ ಸಾಧ್ಯ. ಆದರೆ ಕೆಲಸಕ್ಕೆ ಒಂದು ಕ್ರಮ ಉಂಟು: ಮೊದಲು ಗುರುತು, ನಂತರ ರಿಪೇರಿ, ಕೊನೆಗೆ ಅಪ್‌ಗ್ರೇಡ್. ಈ ಕ್ರಮ ತಪ್ಪಿದರೆ ಕಳೆದುಹೋದ ಭಾಗವನ್ನು ಮತ್ತೆ ತರುವುದು ಕಷ್ಟ.

ಆಟಿಕೆಯೋ, ಹಾಬಿ ಕಾರೋ?

ಮೊದಲು ತಿಳಿಯಬೇಕಾದದ್ದು ಇದು. ನಿಕ್ಕೊ, ತೈಯೊ ಮುಂತಾದ ಜಪಾನಿ ಕಂಪನಿಗಳ ಕಾರುಗಳು ಪೆಟ್ಟಿಗೆಯಿಂದ ತೆಗೆದ ಕೂಡಲೇ ಓಡಿಸುವ ಆಟಿಕೆಗಳಾಗಿದ್ದವು. ಬಿಡಿ ಭಾಗ ಮಾರುವುದು ಅವುಗಳ ಉದ್ದೇಶ ಆಗಿರಲಿಲ್ಲ. ತಮಿಯಾ, ಕ್ಯೋಶೊ, ಅಮೆರಿಕದ ಟೀಮ್ ಅಸೋಸಿಯೇಟೆಡ್ ಕಂಪನಿಗಳ ಕಾರುಗಳು ಕಿಟ್ ರೂಪದಲ್ಲಿ ಬರುತ್ತಿದ್ದವು. ಕೊಂಡವರೇ ಒಂದೊಂದು ಸ್ಕ್ರೂ ಹಾಕಿ ಜೋಡಿಸಬೇಕಿತ್ತು. ಇವೇ ಹಾಬಿ ದರ್ಜೆಯವು.

ವ್ಯತ್ಯಾಸ ತಿಳಿಯಲು ಬಾಡಿ ತೆಗೆದು ಒಳಗೆ ನೋಡಿದರೆ ಸಾಕು. ಹಾಬಿ ಕಾರಿನಲ್ಲಿ ಸ್ಟೀರಿಂಗ್ ತಿರುಗಿಸಲು ಪ್ರತ್ಯೇಕ ಸರ್ವೋ ಪೆಟ್ಟಿಗೆ, ಸಿಗ್ನಲ್ ಹಿಡಿಯುವ ರಿಸೀವರ್, ಮೋಟಾರು, ಬ್ಯಾಟರಿ ಎಲ್ಲವೂ ಬೇರೆ ಬೇರೆ ಇರುತ್ತವೆ. ಪ್ರತಿಯೊಂದನ್ನೂ ಬಿಚ್ಚಿ ಬದಲಿಸಬಹುದು. ಆಟಿಕೆಯಲ್ಲಿ ಸಾಮಾನ್ಯವಾಗಿ ಒಂದೇ ಸರ್ಕ್ಯೂಟ್ ಬೋರ್ಡ್ ಎಲ್ಲ ಕೆಲಸ ಮಾಡುತ್ತದೆ. ಆಟಿಕೆ ಅಂದ ಮಾತ್ರಕ್ಕೆ ಬಿಸಾಡಬೇಕೆಂದಿಲ್ಲ, ಆ ಕಾಲದ ಆಟಿಕೆ ಬಗ್ಗಿಗಳಿಗೂ ಅಭಿಮಾನಿಗಳಿದ್ದಾರೆ. ಆದರೆ ಅದಕ್ಕೆ ಅಪ್‌ಗ್ರೇಡ್ ಮಾಡಲು ಹೊರಡುವುದು ಹೆಚ್ಚಾಗಿ ದುಡ್ಡು ದಂಡ.

ಮಾಡೆಲ್ ಗುರುತಿಸುವುದು ಹೀಗೆ

ಪೆಟ್ಟಿಗೆ ಅಥವಾ ಜೋಡಣೆಯ ಪುಸ್ತಕ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಜಪಾನಿನ ಶಿಜುವೊಕಾದ ತಮಿಯಾ ಕಂಪನಿ 1976ರಲ್ಲಿ ತನ್ನ ಮೊದಲ ಆರ್‌ಸಿ ಕಾರು ಪೋರ್ಷೆ 934 ಅನ್ನು 58001 ಎಂಬ ಸಂಖ್ಯೆಯಲ್ಲಿ ಬಿಡುಗಡೆ ಮಾಡಿತು. ಅಲ್ಲಿಂದ ಮುಂದೆ ಬಂದ ಪ್ರಮುಖ ಕಿಟ್‌ಗಳಿಗೆ 58ರಿಂದ ಶುರುವಾಗುವ ಐದು ಅಂಕಿಗಳ ಸಂಖ್ಯೆ ಇದೆ. ಪೆಟ್ಟಿಗೆ ಇಲ್ಲದಿದ್ದರೆ ಚಾಸಿಯೇ ಸಾಕ್ಷಿ. ಹೆಚ್ಚು ಕಾಣಸಿಗುವ ಮಾಡೆಲ್‌ಗಳ ಗುರುತು ಇಲ್ಲಿದೆ.

ರಫ್ ರೈಡರ್ (58015) ಮತ್ತು ಸ್ಯಾಂಡ್ ಸ್ಕಾರ್ಚರ್ (58016): ಎರಡೂ 1979ರವು. ಮುಂಭಾಗದ ಸಸ್ಪೆನ್ಶನ್ ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಮಾದರಿಯದ್ದು, ಅಚ್ಚೆರಕದ ಲೋಹದ ಭಾಗಗಳು. ಕೈಗೆತ್ತಿಕೊಂಡರೆ ಭಾರದಲ್ಲೇ ಗೊತ್ತಾಗುತ್ತದೆ. ರೇಡಿಯೋ ಭಾಗಗಳು ನೀರು ಹೋಗದಂತೆ ಮುಚ್ಚಿದ ಪಾರದರ್ಶಕ ಪೆಟ್ಟಿಗೆಯೊಳಗಿರುತ್ತವೆ. ಸ್ಕಾರ್ಚರ್‌ಗೆ ಬೀಟಲ್ ಕಾರಿನದ್ದೇ ಬಾಡಿ.

ಫ್ರಾಗ್ (58041), 1983: ಜಪಾನಿನಲ್ಲಿ ಇದರ ಹೆಸರು ಮೈಟಿ ಫ್ರಾಗ್. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಷಾಫ್ಟ್‌ನ ತುದಿ ಆರು ಮೂಲೆಯದ್ದಾಗಿದ್ದರೆ ಅದು ಮೂಲ ಫ್ರಾಗ್. ಈ ಜಾಯಿಂಟು ಸವೆಯುವುದೇ ಅದರ ದೊಡ್ಡ ದೌರ್ಬಲ್ಯ.

ಗ್ರಾಸ್‌ಹಾಪರ್ (58043) ಮತ್ತು ಹಾರ್ನೆಟ್ (58045): ಎರಡೂ 1984ರವು, ತೊಟ್ಟಿಯಂಥ ಪ್ಲಾಸ್ಟಿಕ್ ಚಾಸಿ. ಗ್ರಾಸ್‌ಹಾಪರ್‌ನ ಚಾಸಿ ಬಿಳಿ, ಬಾಡಿ ಗಟ್ಟಿ ಪ್ಲಾಸ್ಟಿಕ್, ಮೋಟಾರು ಸಣ್ಣ 380. ಹಾರ್ನೆಟ್‌ನ ಚಾಸಿ ಕಪ್ಪು, ಬಾಡಿ ತೆಳುವಾದ ಪಾಲಿಕಾರ್ಬೊನೇಟ್, ಮೋಟಾರು ದೊಡ್ಡ 540, ಹಿಂದೆ ಎಣ್ಣೆ ತುಂಬಿದ ಶಾಕ್‌ಗಳು. ಆ ಕಾಲದಲ್ಲಿ ಹುಡುಗರ ಮೊದಲ ಕಾರು ಹೆಚ್ಚಾಗಿ ಇವೇ.

ಹಾಟ್‌ಶಾಟ್ (58047), 1985: ತಮಿಯಾದ ಮೊದಲ ನಾಲ್ಕು ಚಕ್ರ ಚಾಲನೆಯ ಬಗ್ಗಿ. ಕೆಂಪು ಚಾಸಿ. ಮುಂದೆ ಒಂದೇ ಶಾಕ್, ಹಿಂದೆ ಒಂದೇ ಶಾಕ್.

ಕ್ಯೋಶೊ ಸ್ಕಾರ್ಪಿಯನ್, 1982 ಮತ್ತು ಆಪ್ಟಿಮಾ, 1985: ಎರಡಕ್ಕೂ ಏಣಿಯಂತಿರುವ ಅಲ್ಯುಮಿನಿಯಂ ಫ್ರೇಮ್. ಆಪ್ಟಿಮಾ ನಾಲ್ಕು ಚಕ್ರ ಚಾಲನೆಯದ್ದು. ಮುಂದಿನ ಚಕ್ರಗಳಿಗೆ ಶಕ್ತಿ ಹೋಗುವುದು ಸೈಕಲ್‌ನಂತೆ ಸಣ್ಣ ಚೈನಿನ ಮೂಲಕ.

ಅಸೋಸಿಯೇಟೆಡ್ ಆರ್‌ಸಿ10, 1984: ಬಂಗಾರ ಬಣ್ಣದ ಅಲ್ಯುಮಿನಿಯಂ ತೊಟ್ಟಿಯೇ ಇದರ ಗುರುತು. 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್‌ನ ಎರಡು ಚಕ್ರ ಚಾಲನೆಯ ವಿಭಾಗವನ್ನು ಗೆದ್ದದ್ದು ಇದೇ ಕಾರು. ಇದರ ಸ್ಕ್ರೂಗಳು ಇಂಚಿನ ಅಳತೆಯವು, ಜಪಾನಿ ಕಾರುಗಳದ್ದು ಮಿಲಿಮೀಟರ್. ಅಲೆನ್ ಕೀ ಸರಿಯಾಗಿ ಕೂರದಿದ್ದರೆ ಬಲ ಹಾಕಿ ತಿರುಗಿಸಬೇಡಿ, ಮೊದಲು ಅಳತೆ ನೋಡಿಕೊಳ್ಳಿ.

ಇಸವಿ ನೋಡಿ ಮೋಸ ಹೋಗಬೇಡಿ

ಹಲವರು ಎಡವುವುದು ಇಲ್ಲಿ. ಚಾಸಿಯ ಅಡಿಯಲ್ಲಿ 1984 ಎಂದು ಅಚ್ಚಾಗಿದ್ದರೆ ಕಾರು 1984ರದ್ದೇ ಎಂದೇನಿಲ್ಲ. ಹಳೇ ಮಾಡೆಲ್‌ಗಳನ್ನು ತಮಿಯಾ ಮತ್ತೆ ಮಾರುಕಟ್ಟೆಗೆ ಬಿಟ್ಟಿದೆ: ಹಾರ್ನೆಟ್ 2004ರಲ್ಲಿ (58336), ಗ್ರಾಸ್‌ಹಾಪರ್ (58346) ಮತ್ತು ಫ್ರಾಗ್ (58354) 2005ರಲ್ಲಿ, ಹಾಟ್‌ಶಾಟ್ 2007ರಲ್ಲಿ (58391), ಸ್ಯಾಂಡ್ ಸ್ಕಾರ್ಚರ್ 2010ರಲ್ಲಿ (58452). ಅಚ್ಚು ಹಳೆಯದೇ ಆಗಿದ್ದರೆ ಹೊಸ ಭಾಗದ ಮೇಲೂ ಹಳೇ ಇಸವಿಯೇ ಮೂಡುತ್ತದೆ. ಕ್ಯೋಶೊ, ಅಸೋಸಿಯೇಟೆಡ್ ಕಂಪನಿಗಳೂ ತಮ್ಮ ಹಳೇ ಬಗ್ಗಿಗಳನ್ನು ಹೀಗೆ ಮರಳಿ ತಂದಿವೆ.

ಹಾಗಾದರೆ ಗೊತ್ತಾಗುವುದು ಹೇಗೆ? ಪೆಟ್ಟಿಗೆಯ ಸಂಖ್ಯೆ ಒಂದು ದಾರಿ. ಒಳಗಿನ ಸಾಮಾನು ಇನ್ನೊಂದು. ಮೂಲ ಕಾರಿನಲ್ಲಿ ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ಬದಲು ಯಾಂತ್ರಿಕ ಸ್ಪೀಡ್ ಕಂಟ್ರೋಲರ್ ಇರುತ್ತದೆ. ಎರಡನೇ ಸರ್ವೋ ಒಂದು ಸ್ವಿಚ್ಚನ್ನು ಎಳೆಯುತ್ತದೆ, ಪಕ್ಕದಲ್ಲಿ ಬಿಸಿಯಾಗುವ ರೆಸಿಸ್ಟರ್ ಇರುತ್ತದೆ. ಮೂರನೆಯದು, ಬದಲಾದ ಭಾಗಗಳು. ಮರುಬಿಡುಗಡೆಯ ಫ್ರಾಗ್‌ನಲ್ಲಿ ಆರು ಮೂಲೆಯ ಷಾಫ್ಟ್ ಇಲ್ಲ, ಅದರ ಬದಲು ಗಟ್ಟಿಯಾದ ಡಾಗ್‌ಬೋನ್ ಷಾಫ್ಟ್ ಬಂದಿದೆ. ಒಂದೇ ಗುರುತು ನೋಡಿ ತೀರ್ಮಾನಕ್ಕೆ ಬರದೆ ಎರಡು ಮೂರನ್ನು ಸೇರಿಸಿ ನೋಡಬೇಕು. ಮೂಲ ಕಾರೆಂದು ಹೇಳಿ ಮರುಬಿಡುಗಡೆಯದ್ದನ್ನು ಮಾರುವುದು ವ್ಯಾಪಾರವಲ್ಲ, ಮೋಸ. ಕೊಳ್ಳುವವರೂ ಮಾರುವವರೂ ಇದನ್ನು ತಿಳಿದಿರಬೇಕು.

ಮರುಬಿಡುಗಡೆಯಿಂದ ಒಂದು ಒಳ್ಳೆಯದೂ ಆಗಿದೆ. ಅದರ ಬಿಡಿ ಭಾಗಗಳಲ್ಲಿ ಹೆಚ್ಚಿನವು ಹಳೇ ಕಾರಿಗೂ ಕೂರುತ್ತವೆ. 40 ವರ್ಷದ ಕಾರನ್ನು ಇಂದು ರಿಪೇರಿ ಮಾಡಲು ಸಾಧ್ಯವಾಗಿರುವುದೇ ಇದರಿಂದ.

ಬಿಚ್ಚುವ ಮೊದಲು

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ, ವೈರುಗಳದ್ದು ಮುಖ್ಯವಾಗಿ. ಜಪಾನಿ ಸ್ಕ್ರೂಗಳ ತಲೆ ನಮ್ಮ ಸಾಮಾನ್ಯ ಫಿಲಿಪ್ಸ್ ಸ್ಟಾರ್ ಡ್ರೈವರ್‌ಗೆ ಪೂರ್ತಿ ಹೊಂದುವುದಿಲ್ಲ. ಅದು ಜೆಐಎಸ್ ಎಂಬ ಜಪಾನಿ ಅಳತೆಯದ್ದು. ಆ ಡ್ರೈವರ್ ಇದ್ದರೆ ಸ್ಕ್ರೂ ತಲೆ ಹಾಳಾಗದೆ ಬಿಚ್ಚಬಹುದು.

ಹಳೇ ಕ್ಯಾಡ್ಮಿಯಂ ಬ್ಯಾಟರಿ ಒಳಗೇ ಉಳಿದಿದ್ದರೆ ಮೊದಲು ಅದನ್ನು ತೆಗೆಯಬೇಕು. ಬಿಳಿ ಪುಡಿ ಕಂಡರೆ ಬರಿಗೈಯಲ್ಲಿ ಮುಟ್ಟಬಾರದು, ಗ್ಲೌಸ್ ಹಾಕಿ. ಕ್ಯಾಡ್ಮಿಯಂ ವಿಷ. ಹಾಗಾಗಿ ಅದನ್ನು ಕಸದ ಜೊತೆ ಸುಡಬಾರದು, ತೋಟದಲ್ಲಿ ಹೂಳಬಾರದು, ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಬೇಕು. ರಿಮೋಟಿನಲ್ಲಿ ಸಾಮಾನ್ಯ ಆಲ್ಕಲೈನ್ ಸೆಲ್ ಸೋರಿ ಹಸಿರು ಹಿಡಿದಿದ್ದರೆ ಹತ್ತಿಗೆ ಸ್ವಲ್ಪ ವಿನೆಗರ್ ಅಥವಾ ಲಿಂಬೆ ರಸ ಹಾಕಿ ಒರೆಸಿ, ನಂತರ ಚೆನ್ನಾಗಿ ಒಣಗಿಸಿ.

ಪ್ಲಾಸ್ಟಿಕ್ ತೊಳೆಯಲು ಸೋಪು ನೀರು, ಹಳೇ ಟೂತ್‌ಬ್ರಷ್ ಸಾಕು. ಪೆಟ್ರೋಲು, ಥಿನ್ನರ್ ಮುಟ್ಟಿಸಲೇಬಾರದು. ಪ್ಲಾಸ್ಟಿಕ್ ಚಾಸಿ, ಪಾಲಿಕಾರ್ಬೊನೇಟ್ ಬಾಡಿ ಎರಡೂ ಬಿರುಕು ಬಿಡುತ್ತವೆ. ಗೇರ್‌ಬಾಕ್ಸ್‌ನಲ್ಲಿ ಗಟ್ಟಿಯಾದ ಹಳೇ ಗ್ರೀಸ್ ಇದ್ದರೆ ಪೂರ್ತಿ ತೆಗೆದು ಪ್ಲಾಸ್ಟಿಕ್‌ಗೆ ಹೊಂದುವ ಗ್ರೀಸ್ ಹಚ್ಚಿ.

ಅಪ್‌ಗ್ರೇಡ್: ಯಾವುದು ಮೊದಲು?

ಬೇರಿಂಗ್: ಕಡಿಮೆ ಖರ್ಚಿನಲ್ಲಿ ಹೆಚ್ಚು ಲಾಭ ಇದರಿಂದಲೇ. ಆ ಕಾಲದ ಕಿಟ್‌ಗಳಲ್ಲಿ ಹೆಚ್ಚಾಗಿ ಪ್ಲಾಸ್ಟಿಕ್ ಬುಶ್ ಬರುತ್ತಿತ್ತು. ಧೂಳು ಹೋದರೆ ಅದು ಮರಳು ಕಾಗದದಂತೆ ಷಾಫ್ಟನ್ನೇ ಸವೆಸುತ್ತದೆ. ಬುಶ್ ತೆಗೆದು ಅದೇ ಅಳತೆಯ ಬಾಲ್ ಬೇರಿಂಗ್ ಹಾಕಬಹುದು. ತಮಿಯಾ ಕಾರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ಒಳಗೆ 5, ಹೊರಗೆ 11, ದಪ್ಪ 4 ಮಿಲಿಮೀಟರ್. ಆದರೂ ತರಿಸುವ ಮೊದಲು ನಿಮ್ಮ ಕಾರಿನದ್ದನ್ನು ಅಳೆದು ನೋಡಿ.

ರೇಡಿಯೋ: ಹಳೇ ರಿಮೋಟ್‌ಗಳು 27 ಮೆಗಾಹರ್ಟ್ಸ್ ಕ್ರಿಸ್ಟಲ್ ಮೇಲೆ ನಡೆಯುತ್ತಿದ್ದವು. ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಹೀಗೆ ಒಂದೊಂದು ಚಾನೆಲ್‌ಗೆ ಒಂದೊಂದು ಬಣ್ಣ. ಒಂದೇ ಬಣ್ಣದ ಇಬ್ಬರು ಒಟ್ಟಿಗೆ ಓಡಿಸಿದರೆ ಒಬ್ಬನ ರಿಮೋಟಿಗೆ ಇನ್ನೊಬ್ಬನ ಕಾರು ಓಡುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ಸೆಟ್‌ನಲ್ಲಿ ಆ ತೊಂದರೆ ಇಲ್ಲ. ಕೆಲವು ಹಳೇ ಸರ್ವೋಗಳ ವೈರ್ ಕ್ರಮ ಬೇರೆ ಇರುತ್ತದೆ. ಪ್ಲಸ್, ಮೈನಸ್ ನೋಡದೆ ಹೊಸ ರಿಸೀವರ್‌ಗೆ ಚುಚ್ಚಿದರೆ ಸುಟ್ಟೇ ಹೋಗಬಹುದು.

ಸ್ಪೀಡ್ ಕಂಟ್ರೋಲರ್: ಬ್ರಷ್ ಮೋಟಾರಿಗೆ ಹೊಂದುವ ಎಲೆಕ್ಟ್ರಾನಿಕ್ ಕಂಟ್ರೋಲರ್ ಹಾಕಿದರೆ ವೇಗ ನಯವಾಗಿ ಏರುತ್ತದೆ, ಎರಡನೇ ಸರ್ವೋ ಬೇಡ, ಬಿಸಿ ರೆಸಿಸ್ಟರ್ ಬೇಡ. ಇದು ರಿಸೀವರ್‌ಗೂ ಕರೆಂಟ್ ಕೊಡುತ್ತದೆ. ಆದ್ದರಿಂದ ರಿಸೀವರ್‌ಗೆಂದೇ ಇದ್ದ ನಾಲ್ಕು ಸೆಲ್‌ಗಳ ಹಳೇ ಪೆಟ್ಟಿಗೆಯನ್ನು ಕಡ್ಡಾಯವಾಗಿ ತೆಗೆಯಬೇಕು.

ಬ್ಯಾಟರಿ: ಹಳೇ 7.2 ವೋಲ್ಟ್ ಕ್ಯಾಡ್ಮಿಯಂ ಪ್ಯಾಕ್‌ನ ಜಾಗದಲ್ಲಿ ಅದೇ ವೋಲ್ಟ್‌ನ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಸುರಕ್ಷಿತ ಆಯ್ಕೆ. ಎರಡು ಸೆಲ್‌ನ ಲಿಪೊ 7.4 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 8.4. ಲಿಪೊ ಹಾಕುವುದಾದರೆ ವೋಲ್ಟ್ ತೀರಾ ಇಳಿದಾಗ ತಾನೇ ನಿಲ್ಲಿಸುವ ವ್ಯವಸ್ಥೆ ಕಂಟ್ರೋಲರ್‌ನಲ್ಲಿ ಇರಲೇಬೇಕು. ಯಾಂತ್ರಿಕ ಕಂಟ್ರೋಲರ್‌ಗೆ ಆ ಬುದ್ಧಿ ಇಲ್ಲ. ಬ್ಯಾಟರಿ ಚೌಕ ಇದ್ದು ಕೂರದಿದ್ದರೆ ಚಾಸಿಯನ್ನು ಕೊಯ್ಯಬೇಡಿ, ದುಂಡು ಅಂಚಿನ ಲಿಪೊ ಪ್ಯಾಕ್‌ಗಳೂ ಸಿಗುತ್ತವೆ.

ಮೋಟಾರು: ಹುಡುಗರಿಗೆ ಆಸೆ ಹೆಚ್ಚು ಇದರ ಮೇಲೆ, ಕಾರು ಹಾಳಾಗುವುದೂ ಇದರಿಂದಲೇ. ಆ ಗೇರ್‌ಬಾಕ್ಸನ್ನು ಮಾಡಿದ್ದು ಆ ಕಾಲದ ಮೋಟಾರಿಗೆ. ಜೋರು ಬ್ರಷ್‌ಲೆಸ್ ಮೋಟಾರು ಹಾಕಿದರೆ ಮೊದಲು ಹೋಗುವುದು ಗೇರಿನ ಹಲ್ಲು, ನಂತರ ಡಿಫರೆನ್ಶಿಯಲ್. ಓಡಿಸಲು ಸಾಧಾರಣ 540 ಮೋಟಾರು ಸಾಕಷ್ಟಾಯಿತು. ಗ್ರಾಸ್‌ಹಾಪರ್‌ನ 380 ತೆಗೆದು 540 ಹಾಕುವವರು ಪಿನಿಯನ್ ಗೇರನ್ನೂ ಬದಲಿಸಬೇಕು. 380ರ ಷಾಫ್ಟ್ 2.3 ಮಿಲಿಮೀಟರ್, 540ರದ್ದು 3.17.

ಶಾಕ್, ಟಯರು: ಒಣಗಿದ ರಬ್ಬರಿಗೆ ಹಿಡಿತ ಇರುವುದಿಲ್ಲ. ಓಡಿಸಲು ಹೊಸ ಟಯರು ಹಾಕಿ, ಹಳೆಯದನ್ನು ತೆಗೆದಿಡಿ. ಎಣ್ಣೆಯ ಶಾಕ್ ಸೋರುತ್ತಿದ್ದರೆ ಓ-ರಿಂಗ್ ಬದಲಿಸಿ ಸಿಲಿಕೋನ್ ಎಣ್ಣೆ ತುಂಬಿಸಬೇಕು.

ಹಿಂದಕ್ಕೆ ಬರಲಾಗದ ಕೆಲಸ ಬೇಡ

ಅಪ್‌ಗ್ರೇಡ್‌ಗೆ ಒಂದೇ ಅಳತೆಗೋಲು: ಬೇಕೆನಿಸಿದಾಗ ಕಾರನ್ನು ಮೊದಲಿನಂತೆ ಮಾಡಲು ಸಾಧ್ಯವೇ? ಬೇರಿಂಗ್, ರೇಡಿಯೋ, ಕಂಟ್ರೋಲರ್ ಹಾಕಿದ್ದನ್ನು ತೆಗೆಯಬಹುದು. ಚಾಸಿ ಕೊಯ್ದದ್ದು, ತೂತು ಕೊರೆದದ್ದು, ಮೂಲ ಬಾಡಿಗೆ ಬೇರೆ ಪೇಂಟ್ ಹೊಡೆದದ್ದು ಸರಿಯಾಗದು. ಓಡಿಸಲು ಬೇರೆ ಬಾಡಿ ತರಿಸಿ, ಹಳೇ ಬಾಡಿಯನ್ನು ಸ್ಟಿಕ್ಕರ್ ಸಮೇತ ಹಾಗೇ ಇಡಿ. ಬಿಚ್ಚಿದ ಪ್ರತಿ ಬುಶ್, ಸ್ವಿಚ್, ಕ್ರಿಸ್ಟಲ್ ಒಂದು ಡಬ್ಬಿಯಲ್ಲಿ ಹೆಸರು ಬರೆದು ಇರಲಿ. ಕಾರು ಪೆಟ್ಟಿಗೆ ಸಮೇತ ಪೂರ್ತಿ ಜೋಡಿಸದೆ ಉಳಿದಿದ್ದರೆ, ಬಿಚ್ಚುವ ಮೊದಲು ತಿಳಿದವರನ್ನು ಕೇಳುವುದು ಒಳ್ಳೆಯದು.

ಕರಾವಳಿಯವರಿಗೆ ಇನ್ನೊಂದು ಮಾತು. ಕಡಪ್ಪುರದ ಹೊಯ್ಗೆಯಲ್ಲಿ ಬಗ್ಗಿ ಓಡಿಸುವುದು ಚೆಂದವೇ, ಆದರೆ ಉಪ್ಪು ಮತ್ತು ಹೊಯ್ಗೆ ಎರಡೂ ಬೇರಿಂಗಿಗೆ, ಮೋಟಾರಿಗೆ ಶತ್ರು. ಓಡಿಸಿದ ದಿನವೇ ಬ್ರಷ್‌ನಿಂದ ಹೊಯ್ಗೆ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಇಡಬೇಕು.

ಗಲ್ಫಿಂದ ಬ್ಯಾಟರಿ ತರಿಸುವವರು ಗಮನಿಸಿ

ಬಿಡಿ ಲಿಪೊ ಬ್ಯಾಟರಿಯನ್ನು ವಿಮಾನದ ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. ತುದಿಗಳಿಗೆ ಟೇಪು ಸುತ್ತಿ ಕೈಚೀಲದಲ್ಲೇ ತರಬೇಕು. ವಿಶೇಷ ಅನುಮತಿ ಇಲ್ಲದೆ ತರಬಹುದಾದ ಮಿತಿ ಒಂದಕ್ಕೆ 100 ವಾಟ್-ಅವರ್. 7.4 ವೋಲ್ಟ್, 5000 ಎಂಎಎಚ್ ಪ್ಯಾಕ್ ಎಂದರೆ 37 ವಾಟ್-ಅವರ್, ಮಿತಿಯೊಳಗೇ ಇದೆ. ಆದರೂ ಟಿಕೆಟ್ ತೆಗೆದ ಏರ್‌ಲೈನ್ಸ್‌ನ ನಿಯಮ ಕೇಳಿಕೊಳ್ಳಿ. ಮನೆಯಲ್ಲಿ ಚಾರ್ಜ್ ಮಾಡುವಾಗ ಲಿಪೊಗೆಂದೇ ಇರುವ ಬ್ಯಾಲೆನ್ಸ್ ಚಾರ್ಜರ್ ಬಳಸಿ. ಹಳೇ ಕ್ಯಾಡ್ಮಿಯಂ ಚಾರ್ಜರ್‌ಗೆ ಲಿಪೊ ಚುಚ್ಚಿದರೆ ಬೆಂಕಿ ಹತ್ತಬಹುದು. ರಾತ್ರಿ ಚಾರ್ಜಿಗಿಟ್ಟು ಮಲಗುವುದಂತೂ ಬೇಡವೇ ಬೇಡ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು.

ಇಷ್ಟು ನೋಡಿಕೊಂಡರೆ ಅಟ್ಟದ ಮೇಲಿದ್ದ ಬಗ್ಗಿ ಮತ್ತೆ ಅಂಗಳಕ್ಕೆ ಇಳಿಯಬಹುದು. ರಿಮೋಟ್ ಮಕ್ಕಳ ಕೈಗೆ ಕೊಡುವ ಮೊದಲು ಅದನ್ನು ಹೊತ್ತು ತಂದವರಿಗೆ ಒಂದು ಸುತ್ತು ಓಡಿಸಲು ಕೊಡಿ. ಯಾವ ವರ್ಷ, ಯಾವ ಊರಿನ ಅಂಗಡಿ ಎಂಬುದು ಅವರಿಗೆ ಗೊತ್ತಿರಬಹುದು. ಅದನ್ನು ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಿಟ್ಟರೆ ಗುರುತಿಸುವ ಕೆಲಸ ಅಲ್ಲಿಗೆ ಪೂರ್ತಿ ಆದಂತೆ.