ಕೋರಂಟಿ: ಗಡಿ ದಾಟಿ ಮನೆ ಸೇರುವ ಮುನ್ನ

ಮದುವೆಯಾಗಿ ಹೈದರಾಬಾದಿಗೆ ಬಂದ ಹೊಸತರಲ್ಲಿ ನಲ್ಲಕುಂಟದ ಫೀವರ್ ಆಸ್ಪತ್ರೆಯನ್ನು ಹಳಬರು ‘ಕೋರಂಟಿ ದವಾಖಾನೆ’ ಎನ್ನುವುದನ್ನು ಕೇಳಿ, ಕೋರಂಟಿ ಎಂದರೆ ಯಾವುದೋ ಊರಿನ ಹೆಸರು ಎಂದುಕೊಂಡಿದ್ದೆ. ಅದು ‘ಕ್ವಾರಂಟೈನ್’ ಎಂಬ ಪದ ಜನರ ಬಾಯಲ್ಲಿ ಸವೆದು ಆದ ರೂಪ ಎಂದು ಆಮೇಲೆ ತಿಳಿಯಿತು. ಸೋಂಕು ತಗುಲಿದವರನ್ನು ಬೇರೆ ಇರಿಸಲೆಂದು 1915ರಲ್ಲಿ ಆರಂಭವಾದ ಆಸ್ಪತ್ರೆ ಅದು.

ಈ ಪದ ಹುಟ್ಟಿದ್ದು ಹಡಗಿನಲ್ಲಿ ಬಂದವರಿಂದ. ಇಂದು ಡುಬ್ರೊವ್ನಿಕ್ ಎನ್ನುವ ರಗೂಸಾ ಬಂದರಿನಲ್ಲಿ 1377ರಲ್ಲಿ ಒಂದು ಕಟ್ಟಳೆ ಬಂತು: ಪ್ಲೇಗ್ ಇರುವ ಊರುಗಳಿಂದ ಬಂದವರು 30 ದಿನ ಹೊರಗೇ ಇದ್ದು ಬಳಿಕ ಊರೊಳಗೆ ಬರಬೇಕು. ಮುಂದೆ ಅದು 40 ದಿನವಾಯಿತು. ಇಟಲಿಯ ಭಾಷೆಯಲ್ಲಿ ‘ಕ್ವಾರಂಟ’ ಎಂದರೆ ನಲವತ್ತು.

ನಮ್ಮ ದೇಶದಲ್ಲಿ ಈ ಕಟ್ಟಳೆ ಹೆಚ್ಚಿನ ಬಲ ಪಡೆದದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಿಂದ. ಪ್ರಯಾಣಿಕರನ್ನು ತಡೆದು ಪರೀಕ್ಷಿಸುವ, ಬೇರೆ ಇರಿಸುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿದರು. ಪರಪುರುಷರು ಹೆಂಗಸರ ಮೈ ಪರೀಕ್ಷಿಸುವುದೆಂದರೆ ಜನ ಕೆರಳಿದರು. ರೋಗಕ್ಕಿಂತ ಪರೀಕ್ಷೆಗೇ ಹೆದರಿ ರೋಗಿಗಳನ್ನು ಬಚ್ಚಿಟ್ಟರು. ಅದೇ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ರೋಗಿಗಳ ಸೇವೆ ಮಾಡುತ್ತಲೇ ಸೋಂಕು ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ಮರುವರ್ಷ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರಿಗೂ ಬಂತು. ಅಲ್ಲಿನ ಪ್ಲೇಗ್ ಮಾರಿಯಮ್ಮನ ಗುಡಿಗಳು ಆ ಭಯದ ಗುರುತಾಗಿ ಇಂದಿಗೂ ಉಳಿದಿವೆ.

2020ರಲ್ಲಿ ಅದೇ ಹಳೆಯ ಕಾಯ್ದೆ ಮತ್ತೆ ಕೈಗೆ ಬಂತು. ವಿಮಾನಗಳು ನಿಂತಾಗ ಹೊರದೇಶಗಳಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ನೌಕಾಪಡೆ ‘ಸಮುದ್ರ ಸೇತು’ ಕಾರ್ಯಾಚರಣೆ ಕೈಗೊಂಡಿತು. ಮಾಲ್ಡೀವ್ಸ್‌ನ ಮಾಲೆಯಿಂದ ಹೊರಟ ಐಎನ್‌ಎಸ್ ಜಲಾಶ್ವ ಮೇ 10ರಂದು 698 ಜನರೊಡನೆ ಕೊಚ್ಚಿ ತಲುಪಿತು. ಅವರಲ್ಲಿ 19 ಮಂದಿ ಗರ್ಭಿಣಿಯರು. ತಾಯ್ನೆಲ ಮುಟ್ಟಿದ ಮೇಲೂ ತಪಾಸಣೆ, ಕ್ವಾರಂಟೈನ್ ಕಾದಿದ್ದವು. ಆದರೆ ಗರ್ಭಿಣಿಯರು ಮನೆಯಲ್ಲೇ ಪ್ರತ್ಯೇಕವಾಗಿರಲು ಕೇರಳ ಅವಕಾಶ ಕೊಟ್ಟಿತ್ತು. ನಿಯಮ ಸಡಿಲಾಗಲಿಲ್ಲ, ಮನುಷ್ಯರನ್ನು ನೋಡಿ ರೂಪ ಬದಲಿಸಿತು, ಅಷ್ಟೆ.

ನಾನು ದಾಟಬೇಕಿದ್ದದ್ದು ಕಡಲನ್ನಲ್ಲ, ಕೃಷ್ಣೆಯನ್ನು. ತವರು ರಾಯಚೂರು. ಸೇವಾ ಸಿಂಧುವಿನಲ್ಲಿ ಪಾಸು ಪಡೆದು, ಮಕ್ತಲ್ ದಾಟಿ ಸೇತುವೆಗೆ ಬಂದಾಗ ಎಷ್ಟೋ ಸಲ ಕಂಡ ಹೊಳೆಯೇ ಪರದೇಶದ ಗಡಿಯಂತೆ ಕಂಡಿತು. ಕೈಗೆ ಮುದ್ರೆ ಬಿತ್ತು. 14 ದಿನ ಅಟ್ಟದ ಕೋಣೆಯಲ್ಲಿದ್ದೆ. ಅವ್ವ ಹೊಸ್ತಿಲಾಚೆ ತಾಟು ಇಟ್ಟು, “ನಮ್ ಕಾಲ್ದಾಗ ತಿಂಗಳಿಗೆ ಮೂರು ದಿನ ಹಿಂಗ ಹೊರಗ ಕುಂದ್ರತಿದ್ವಿ, ಯಾಕಂತ ಯಾರೂ ಹೇಳ್ತಿದ್ದಿಲ್ಲ. ನಿನಗ ಕಾರಣರ ಗೊತ್ತೈತಿ” ಎಂದಳು.

ಅವಳ ಮಾತಿನಲ್ಲಿ ಇತಿಹಾಸದ ಪಾಠವೇ ಇತ್ತು. ದೂರವಿಡುವುದು ಒಮ್ಮೊಮ್ಮೆ ಅನಿವಾರ್ಯ. ಕಾರಣ ಹೇಳಿ, ಅನ್ನ ಕೊಟ್ಟು, ಮಾನ ಉಳಿಸಿ ದೂರವಿಟ್ಟರೆ ಜನ ತಾವಾಗಿಯೇ ಒಪ್ಪುತ್ತಾರೆ. ಇಲ್ಲದಿದ್ದರೆ ಪುಣೆಯವರಂತೆ ರೋಗವನ್ನೇ ಬಚ್ಚಿಡುತ್ತಾರೆ. ಹದಿನೈದನೆಯ ದಿನ ಕೆಳಗಿಳಿದು ಬಂದಾಗ ಅವ್ವ ಏನೂ ಹೇಳಲಿಲ್ಲ. ಕೈ ಹಿಡಿದು ಒಲೆಯ ಮುಂದೆ, ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಬಿಸಿ ರೊಟ್ಟಿ ಬಡಿಸಿದಳು.