ಕೋಡೊಲೆಯ ಕಾವು

ನಮ್ಮ ಉಲ್ಹಾಸನಗರದ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಎರಡನೇ ಮಹಾಯುದ್ಧದ ಕಾಲದ ಕಲ್ಯಾಣ ಮಿಲಿಟರಿ ಕ್ಯಾಂಪಿನಿಂದ ಶುರುಮಾಡುತ್ತಾರೆ. ದೇಶ ವಿಭಜನೆಯಾದಾಗ ಸಿಂಧ್‌ನಿಂದ ಉಟ್ಟ ಬಟ್ಟೆಯಲ್ಲಿ ಬಂದವರಿಗೆ ಆ ಬ್ಯಾರಕುಗಳೇ ಮನೆಯಾದವು. 1949ರ ಆಗಸ್ಟ್ 8ರಂದು ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಊರಿಗೆ ಅಡಿಗಲ್ಲು ಹಾಕಿದರು. ಅಲ್ಲಿಂದ ಮುಂದೆ ಊರನ್ನು ಬೆಳೆಸಿದ್ದು ಸಣ್ಣ ಸಣ್ಣ ವರ್ಕ್‌ಶಾಪುಗಳು. ಜೀನ್ಸ್ ಹೊಲಿಯುವ ಗಾಳೆಗಳು, ಇಸ್ತ್ರಿಯವರು, ಮಿಠಾಯಿಯವರು, ಬೇಕರಿಗಳು. ಕ್ಯಾಂಪಿನ ಯಾವ ಗಲ್ಲಿಗೆ ಹೋದರೂ ಒಂದಾದರೂ ಬಾಗಿಲಿನಿಂದ ಬಿಸಿ ಝಳ ಮುಖಕ್ಕೆ ಹೊಡೆಯುತ್ತದೆ. ಈ ಝಳಕ್ಕೂ ಒಂದು ಚರಿತ್ರೆ ಇದೆ. ಅದರಲ್ಲಿ ನಮ್ಮ ಕನ್ನಡನಾಡಿನ ಹೆಂಗಸರ ಪಾಲು ದೊಡ್ಡದು ಎಂದು ನನಗೆ ಅನ್ನಿಸಿದ್ದರಿಂದ ಈ ಲೇಖನ.

ಸೌದೆ ಭಟ್ಟಿಯ ಬೇಕರಿಯವರನ್ನೇ ನೋಡಿ. ಭಟ್ಟಿ ಚೆನ್ನಾಗಿ ಕಾದಿರುವಾಗ ಮೊದಲು ಪಾವ್ ಇಡುತ್ತಾರೆ. ಕಾವು ಸ್ವಲ್ಪ ಇಳಿದ ಮೇಲೆ ಬಿಸ್ಕತ್ತು. ಕೊನೆಗೆ ಬೆಂಕಿಯೇ ಇಲ್ಲದ, ಬರೀ ಇಟ್ಟಿಗೆಯಲ್ಲಿ ಉಳಿದ ಬಿಸಿಯಲ್ಲಿ ಟೋಸ್ಟ್ ಒಣಗುತ್ತದೆ. ಒಮ್ಮೆ ಸುಟ್ಟ ಸೌದೆಗೆ ಮೂರು ಕೆಲಸ. ಇದನ್ನು ಯಾರೂ ಕಾಲೇಜಿನಲ್ಲಿ ಕಲಿತು ಬಂದದ್ದಲ್ಲ.

ನಮ್ಮ ಅಜ್ಜಿಯ ಮನೆಯಲ್ಲೂ ಇದೇ ಲೆಕ್ಕ ನಡೆಯುತ್ತಿತ್ತು. ಮಣ್ಣಿನ ಒಲೆಯ ಮುಂದೆ ಒಂದು ಉರಿಬಾಯಿ, ಅದರ ಮಗ್ಗುಲಿಗೆ ಅಂಟಿಕೊಂಡಂತೆ ಸೌದೆ ಇಡಲು ಬಾಯೇ ಇಲ್ಲದ ಇನ್ನೊಂದು ಒಲೆ, ಅದೇ ಕೋಡೊಲೆ. ಮುಂದಿನ ಒಲೆಯಲ್ಲಿ ಮುದ್ದೆಗೆ ಎಸರು ಕುದಿಯುವಾಗ, ಒಳದಾರಿಯಿಂದ ಹಾಯುವ ಉರಿ ಮತ್ತು ಬಿಸಿಹೊಗೆಯಲ್ಲಿ ಕೋಡೊಲೆಯ ಮೇಲೆ ಸಾರು ಬಿಸಿಯಾಗಿರುತ್ತಿತ್ತು, ಇಲ್ಲವೇ ಹಾಲು ಕೆನೆಗಟ್ಟುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಹುಣಸೆಹಣ್ಣು, ಬಿತ್ತನೆಯ ಬೀಜ. ಬಚ್ಚಲಿನ ಹಂಡೆ ಒಲೆಯ ಬೂದಿಯಲ್ಲಿ ಮಕ್ಕಳಿಗೆ ಗೆಣಸು. ಇಷ್ಟಾದ ಮೇಲೂ ಉಳಿದದ್ದು ಬೆಕ್ಕಿಗೆ. ಅದು ರಾತ್ರಿಯೆಲ್ಲ ಒಲೆಯ ಗೂಡಿನಲ್ಲೇ ಮಲಗುತ್ತಿತ್ತು.

ಕೈಗಾರಿಕೆಯ ಚರಿತ್ರೆಯಲ್ಲಿ ಇದೇ ಉಪಾಯಕ್ಕೆ ಪೇಟೆಂಟ್ ಸಿಕ್ಕಿದೆ. ಇಂಗ್ಲೆಂಡಿನ ವೇಕ್‌ಫೀಲ್ಡ್ ಊರಿನ ಎಡ್ವರ್ಡ್ ಗ್ರೀನ್ 1845ರಲ್ಲಿ 'ಇಕಾನಮೈಸರ್' ಎಂಬ ಸಲಕರಣೆ ಮಾಡಿದ. ಬಾಯ್ಲರಿನಿಂದ ಚಿಮಣಿಗೆ ಹೋಗುವ ಬಿಸಿಹೊಗೆಯ ದಾರಿಯಲ್ಲಿ ನೀರಿನ ಕೊಳವೆಗಳನ್ನು ನಿಲ್ಲಿಸಿ, ಬಾಯ್ಲರಿಗೆ ಹೋಗುವ ನೀರನ್ನು ಮೊದಲೇ ಬೆಚ್ಚಗೆ ಮಾಡುವ ಯುಕ್ತಿ. ಇಂದಿಗೂ ದೊಡ್ಡ ಬಾಯ್ಲರುಗಳಲ್ಲಿ ಅದೇ ಹೆಸರಿನಲ್ಲಿದೆ. ಗ್ರೀನ್ ಮಾಡಿದ್ದು ಸಣ್ಣ ಕೆಲಸವೇನಲ್ಲ. ಕೊಳವೆಗೆ ಕಟ್ಟುವ ಮಸಿಯನ್ನು ಕೆರೆದು ತೆಗೆಯುವ ವ್ಯವಸ್ಥೆಯೂ ಅದರಲ್ಲಿತ್ತು. ಮಸಿ ತೆಗೆಯದಿದ್ದರೆ ಕಾವು ದಾಟುವುದಿಲ್ಲ ಎನ್ನುವುದು ಪಾತ್ರೆ ತಿಕ್ಕಿದ ಎಲ್ಲರಿಗೂ ಗೊತ್ತು. ಆದರೆ ಕೋಡೊಲೆಯನ್ನು ಮೊದಲು ಕಟ್ಟಿದವಳ ಹೆಸರು ಎಲ್ಲೂ ಇಲ್ಲ.

ನಮ್ಮ ಕಡೆ ಈ ಎರಡು ಲೋಕಗಳು ಎದುರುಬದುರಾದದ್ದು 1970ರ ದಶಕದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್) ಅಮೂಲ್ಯ ಕೆ. ಎನ್. ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಗುಂಪನ್ನು ಕಟ್ಟಿದರು. ಹಳ್ಳಿಗಾಗಿ ವಿಜ್ಞಾನ ಎನ್ನುವುದು ಅದರ ಉದ್ದೇಶ. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ತೆರೆದು, ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾವ ಕೆಲಸಕ್ಕೆ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಯಾರ ಎಷ್ಟು ಹೊತ್ತು ಎಂದು ಬರೆದುಕೊಂಡರು. ಪುರ ಎಂಬ ಹಳ್ಳಿಯಲ್ಲಿ ಬಳಕೆಯಾಗುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 89 ಪಾಲು ಸೌದೆಯದೇ. ಮನುಷ್ಯರ ಮೈಶ್ರಮವನ್ನು ಲೆಕ್ಕ ಹಾಕಿದಾಗ ಹೆಂಗಸರ ಪಾಲು 53, ಗಂಡಸರದು 31, ಮಕ್ಕಳದು 16. ಸೌದೆ ತರುವುದು, ನೀರು ಹೊರುವುದು, ಅಡುಗೆ ಮಾಡುವುದು ಇವೆಲ್ಲ 'ಕೆಲಸ' ಎಂದು ಪುಸ್ತಕದಲ್ಲಿ ದಾಖಲಾದವು. ನನಗೆ ಕೇಳಿದರೆ, ಆಮೇಲೆ ಬಂದ ಒಲೆಗಿಂತ ಈ ಎಣಿಕೆಯೇ ದೊಡ್ಡ ಸಾಧನೆ.

ಹಳೆಯ ಒಲೆಯಲ್ಲಿ ಸೌದೆಯ ಕಾವಿನ ನೂರರಲ್ಲಿ ಹತ್ತು ಪಾಲಿನಷ್ಟು ಮಾತ್ರ ಪಾತ್ರೆಗೆ ಸೇರುತ್ತದೆ. ಉಳಿದದ್ದು ಗಾಳಿಗೆ, ಗೋಡೆಗೆ, ಅಡುಗೆ ಮಾಡುವವಳ ಮುಖಕ್ಕೆ. ಪ್ರೊ. ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು 1980ರ ದಶಕದ ಹೊತ್ತಿಗೆ ರೂಪಿಸಿದ 'ಅಸ್ತ್ರ ಒಲೆ'ಯಲ್ಲಿ ಉರಿಗೂಡನ್ನು ಮುಚ್ಚಿ, ಸೌದೆಯ ಕೆಳಗೆ ಜಾಲರಿ ಹಾಕಿ, ಸಾಲಾಗಿ ಮೂರು ಪಾತ್ರೆಗೆ ಕಂಡಿ ಬಿಟ್ಟು, ಕೊನೆಗೆ ಚಿಮಣಿ ಇಟ್ಟರು. ಉರಿ ಮೊದಲ ಪಾತ್ರೆಗೆ, ಮಿಕ್ಕ ಬಿಸಿಹೊಗೆ ಎರಡನೆಯದಕ್ಕೆ, ಮೂರನೆಯದಕ್ಕೆ, ಆಮೇಲೆ ಹೊರಗೆ. ಕೋಡೊಲೆಯ ಮಗಳೇ ಇವಳು, ಓದಿ ಬಂದ ಮಗಳು ಅಷ್ಟೆ.

ಸರ್ಕಾರವೂ 1980ರ ದಶಕದ ಮಧ್ಯದಿಂದ 2002ರವರೆಗೆ ದೇಶದಾದ್ಯಂತ ಸುಧಾರಿತ ಒಲೆಗಳ ಕಾರ್ಯಕ್ರಮ ನಡೆಸಿ 3 ಕೋಟಿಗೂ ಹೆಚ್ಚು ಒಲೆ ಹಾಕಿಸಿತು. ಎಷ್ಟೋ ಒಲೆಗಳು ಬೇಗನೆ ಬಿರುಕು ಬಿಟ್ಟು ಮೂಲೆ ಸೇರಿದವು. ಕಾರಣ ಊಹಿಸುವುದು ನಮಗೇನು ಕಷ್ಟವಲ್ಲ. ಕಂಡಿಯ ಅಳತೆ ಒಂದು, ಮನೆಯಲ್ಲಿರುವ ಪಾತ್ರೆ ಇನ್ನೊಂದು ಅಳತೆ. ಪಾತ್ರೆ ಸರಿಯಾಗಿ ಕೂರದಿದ್ದರೆ ಮುದ್ದೆ ತಿರುವುವುದು ಹೇಗೆ? ಸೌದೆಯನ್ನು ಸಣ್ಣಗೆ ಸೀಳಿಕೊಡುವವರು ಯಾರು? ಚಿಮಣಿಯ ಮಸಿ ಕೆರೆಯಲು ಮಾಡು ಹತ್ತುವವರು ಯಾರು? ಗುರಿ ಮುಟ್ಟಿಸುವ ಅವಸರದಲ್ಲಿ ಈ ಪ್ರಶ್ನೆಗಳನ್ನು ಕೇಳುವ ವ್ಯವಧಾನ ಇರುವುದಿಲ್ಲ.

ಅಡುಗೆಮನೆಯಲ್ಲಿ ತಡವರಿಸಿದ ಈ ವಿದ್ಯೆ ವರ್ಕ್‌ಶಾಪುಗಳಲ್ಲಿ ಚೆನ್ನಾಗಿ ಕೂತುಕೊಂಡಿತು. ಆಲೆಮನೆಯ ಬೆಲ್ಲದ ಒಲೆ, ಬಚ್ಚಲಿನ ನೀರಿನ ಒಲೆಗಳಿಗೂ ಅಸ್ತ್ರದವರು ಕೈಹಾಕಿದರು. ಆಲೆಮನೆಯಲ್ಲಿ ಒಂದು ಕೊಪ್ಪರಿಗೆ ಕುದಿಯುವಾಗ, ಹೊಗೆಯ ದಾರಿಯಲ್ಲಿ ಇನ್ನೊಂದನ್ನು ಇಟ್ಟರೆ ಮುಂದಿನ ಹದದ ಕಬ್ಬಿನ ಹಾಲು ಅಷ್ಟರಲ್ಲಿ ಬೆಚ್ಚಗಾಗಿರುತ್ತದೆ. ಬೆಂಗಳೂರಿನಲ್ಲಿ 1993ರಲ್ಲಿ ಶುರುವಾದ 'ಟೈಡ್' ಸಂಸ್ಥೆ ಇದನ್ನೇ ಹಿಡಿದು ಸಣ್ಣ ಉದ್ಯಮಗಳ ಬಾಗಿಲಿಗೆ ಹೋಯಿತು. ಅದನ್ನು ಮುನ್ನಡೆಸಿದವರು ಸ್ವಾತಿ ಭೋಗ್ಲೆ ಎಂಬ ಮಹಿಳೆ. ರೇಷ್ಮೆ, ಅಡಿಕೆ, ಬೆಲ್ಲ, ಬಟ್ಟೆಗೆ ಬಣ್ಣ ಹಾಕುವವರು, ಹೀಗೆ ಸೌದೆ ಉರಿಸುವ ಕಸುಬುಗಳಿಗೆಲ್ಲ ಬೇರೆ ಬೇರೆ ಒಲೆ. 2008ರಲ್ಲಿ ಇಂಗ್ಲೆಂಡಿನ ಆಶ್ಡೆನ್ ಪ್ರಶಸ್ತಿ ಇದಕ್ಕೆ ಬಂತು.

ರೇಷ್ಮೆಯ ಕತೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ನಾವು ಮದುವೆಗೆ ಉಡುವ ಸೀರೆ ಅಲ್ಲಿಂದಲೇ ಬರುತ್ತದೆ. ರಾಮನಗರ, ಶಿಡ್ಲಘಟ್ಟದಂಥ ಊರುಗಳ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಗೂಡುಗಳನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಅಂಟು ಸಡಿಲವಾದ ಮೇಲೆ ಬಿಸಿನೀರಿನ ತೊಟ್ಟಿಯಿಂದ ಎಳೆ ಹಿಡಿದು ಎತ್ತುತ್ತಾರೆ. ಎಳೆ ಹಿಡಿಯುವ ಕೈಗಳಲ್ಲಿ ಹೆಂಗಸರವೇ ಹೆಚ್ಚು. ದಿನವಿಡೀ ಕೈ ನೀರಿನಲ್ಲಿ, ಕಣ್ಣು ಹೊಗೆಯಲ್ಲಿ, ಮೂಗಿಗೆ ಹುಳದ ವಾಸನೆ. ಒಲೆಯನ್ನು ಮುಚ್ಚಿ, ಬಿಸಿಹೊಗೆಯನ್ನು ನೀರು ಕಾಯಿಸಲು ಬಳಸಿ, ಚಿಮಣಿಯಿಂದ ಹೊರಗೆ ಕಳಿಸಿದರೆ ಮಾಲೀಕನಿಗೆ ಸೌದೆ ಉಳಿತಾಯ, ಕೆಲಸದವಳಿಗೆ ಕಣ್ಣು ಉಳಿತಾಯ. ಮಾಲೀಕ ಒಪ್ಪುವುದು ಮೊದಲನೆಯದಕ್ಕೆ. ಇರಲಿ, ಎರಡನೆಯದೂ ಜೊತೆಗೆ ಬರುತ್ತದೆ. ಬೆರಳು ಬೆಂದು ಬೆಳ್ಳಗಾಗುವುದಕ್ಕೆ ಮಾತ್ರ ಒಲೆಯಲ್ಲಿ ಔಷಧಿ ಇಲ್ಲ.

ಟೈಡ್‌ನವರು ಮನೆಬಳಕೆಗೆ 'ಸರಳ ಒಲೆ' ತಂದಾಗ ಒಂದು ಜಾಣತನ ಮಾಡಿದರು: ಹಳ್ಳಿಯ ಹೆಂಗಸರಿಗೇ ಒಲೆ ಕಟ್ಟುವ ಕೆಲಸ ಕಲಿಸಿದರು. ಮನೆಯವಳ ಪಾತ್ರೆ ನೋಡಿ, ಅದರ ಅಳತೆಗೆ ಕಂಡಿ ಬಿಟ್ಟು, ಕೂಲಿ ತೆಗೆದುಕೊಂಡು, ಮುಂದಿನ ಮನೆಗೆ ಹೋಗುವ ಹೆಣ್ಣು ಮೇಸ್ತ್ರಿಗಳು ಹೀಗೆ ಹುಟ್ಟಿಕೊಂಡರು.

ಸಂಘದಲ್ಲಿ ಧಾರವಾಡದವರಿದ್ದೀರಿ, ಮಂಗಳೂರಿನವರಿದ್ದೀರಿ, ಮಲೆನಾಡಿನವರೂ ಇದ್ದೀರಿ. ನಿಮ್ಮ ಕಡೆ ಈ ಕೋಡೊಲೆಗೆ ಏನನ್ನುತ್ತಿದ್ದರು, ಅದರ ಮೇಲೆ ಏನಿಡುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ ನಮ್ಮ ಮಹಿಳಾ ವಿಭಾಗಕ್ಕೆ ಬರೆದು ಕಳಿಸಿ. ಒಲೆಯ ಚಿತ್ರ ಬಿಡಿಸಿ ಕಳಿಸಿದರೆ ಇನ್ನೂ ಸಂತೋಷ.